ನಲವತ್ತು ಪತ್ರಗಳ ಕಳವು

ಬೆಳಿಗ್ಗೆ ಹತ್ತಕ್ಕೆ ಕರಡು ಕೈಗೆ ಬಂತು. ಹತ್ತೂಕಾಲಿಗೆ ಗೊತ್ತಾಯಿತು, ಪತ್ರಗಳು ಮಾಯ!

ನಿವೃತ್ತ ನರ್ಸೊಬ್ಬರ ಆತ್ಮಕಥೆ ಅದು. ನಡುನಡುವೆ ಅವರು ತಂಗಿಗೆ ಬರೆದ ನಲವತ್ತೊಂದು ಪತ್ರಗಳು. ಕರಡಿನಲ್ಲಿ ಉಳಿದದ್ದು ಒಂದೇ.

ನಮ್ಮ ಪ್ರಕಾಶನದ ಯಜಮಾನರು ಕಳ್ಳಿಯನ್ನು ಆಗಲೇ ಹಿಡಿದಾಗಿತ್ತು. ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದ ಟೈಪಿಸ್ಟ್, ನಮ್ಮೆಲ್ಲರ ಗುಬ್ಬಿ. ಪತ್ರಗಳು ಉದ್ದವಾದವು ಅಂತ ಅವಳು ಒಮ್ಮೆ ಗೊಣಗಿದ್ದಳಂತೆ. ಅಷ್ಟಕ್ಕೇ ನಾಳೆಯಿಂದ ಬರಬೇಡ ಅಂದುಬಿಟ್ಟರು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಹದಿನೆಂಟು ವರ್ಷದಿಂದ ಕರಡು ತಿದ್ದುವ ನಾನು ಅಲ್ಪವಿರಾಮ ಕಳೆದುಹೋದರೂ ಬಿಡುವವಳಲ್ಲ. ಸಂಜೆಯವರೆಗೆ ಗಡುವು ಕೇಳಿದೆ.

*

ಗುಬ್ಬಿಯ ಫೈಲಿನಲ್ಲಿ ನಲವತ್ತೊಂದು ಪತ್ರಗಳೂ ಇದ್ದವು. ಸಿಕ್ಕಿಬಿದ್ದ ಮೇಲೆ ವಾಪಸ್ ಹಾಕಿರುತ್ತಾಳೆ ಅಂದರು ಯಜಮಾನರು. ಹಟಮಾರಿ ಮನುಷ್ಯ.

ಹಾಗಾದರೆ ಆ ಒಂದು ಪತ್ರ ಹೇಗೆ ಬಚಾವಾಯಿತು? ಪ್ರತಿ ತುಣುಕಿಗೂ ಗುಬ್ಬಿ ಗುರುತು ಹಾಕಿದ್ದಳು: ಇದು ಪ್ಯಾರಾ, ಇದು ಪತ್ರ. ಉಳಿದುಕೊಂಡ ಪತ್ರಕ್ಕೆ ಮಾತ್ರ ಕೈತಪ್ಪಿ ಪ್ಯಾರಾ ಎಂದು ಬಿದ್ದಿತ್ತು.

ಫೈಲನ್ನು ಪುಟಗಳಾಗಿ ಮಾಡುವ ಹಳೇ ಪ್ರೋಗ್ರಾಮನ್ನೂ ಕರಡಿನ ಹಾಗೆ ಸಾಲುಸಾಲಾಗಿ ಓದಿದೆ. ನಗು ಬಂತು.

*

ಸಂಜೆ ಯಜಮಾನರ ಎದುರೇ ಗುಬ್ಬಿಯ ಕೈಯಿಂದ ಆ ತಪ್ಪು ಗುರುತನ್ನು ತಿದ್ದಿಸಿದೆ. ಪ್ರೋಗ್ರಾಮ್ ಓಡಿಸಿದೆ. ಉಳಿದಿದ್ದ ಪತ್ರವೂ ಮಾಯ.

ವಿವರಿಸಿ ಹೇಳಿದೆ. ಪ್ರೋಗ್ರಾಮಿನಲ್ಲಿದ್ದದ್ದು ಲೂಪ್. ಪ್ರತಿ ಅಧ್ಯಾಯದಲ್ಲೂ ಪ್ಯಾರಾಗಳನ್ನು ಮಾತ್ರ ಒಂದೊಂದಾಗಿ ಎತ್ತಿಕೋ, ಪುಟಕ್ಕೆ ಹಾಕು, ಮುಗಿಯುವವರೆಗೆ ಸುತ್ತು. ಪತ್ರ ಎದುರಿಗೇ ನಿಂತರೂ ಲೂಪಿನ ಲೆಕ್ಕಕ್ಕಿಲ್ಲ. ಹಿಂದಿನ ಪುಸ್ತಕಗಳಲ್ಲಿ ಬರೀ ಪ್ಯಾರಾ ಇದ್ದದ್ದರಿಂದ ಗುಟ್ಟು ರಟ್ಟಾಗಿರಲಿಲ್ಲ. ಬದಲಿಗೆ ನಿಯಮ ಬರೆಯಬೇಕಿತ್ತು: ಪ್ಯಾರಾ ಬಂದರೆ ಹೀಗೆ, ಪತ್ರ ಬಂದರೆ ಹಾಗೆ. ಆಮೇಲೆ ಪ್ರೋಗ್ರಾಮ್ ಮೊದಲಿಂದ ಕೊನೆಯವರೆಗೆ ಪ್ರತಿ ತುಣುಕನ್ನೂ ನೋಡುತ್ತಾ ಹೋದರೆ ಯಾವುದೂ ತಪ್ಪುವುದಿಲ್ಲ.

"ಈ ಲೂಪ್ ಬರೆದ ಪುಣ್ಯಾತ್ಮ ಯಾರು?" ಯಜಮಾನರು ಗುಡುಗಿದರು.

ಮೊದಲ ಸಾಲು ತೋರಿಸಿದೆ. ಬರೆದವರ ಹೆಸರು ಅಲ್ಲೇ ಇತ್ತು. ಅವರದೇ.

ಯಜಮಾನರ ಮುಖ ಸಪ್ಪಗಾಯಿತು. ಪಾಪ ಅನ್ನಿಸಿತು ನನಗೆ. ಕಂಪ್ಯೂಟರ್ ಹೊಸದಾಗಿ ಬಂದಾಗ ತಾವೇ ಕಲಿತು, ಹೆಮ್ಮೆಯಿಂದ ಬರೆದು, ಆಮೇಲೆ ಮರೆತೇಬಿಟ್ಟದ್ದು. ಗುಬ್ಬಿಗೆ ಅಂತ ಪಕ್ಕದ ಕುರ್ಚಿ ಎಳೆದರು.

"ತಪ್ಪಾಯ್ತು, ಕೂತ್ಕೊಮ್ಮಾ. ನಿಯಮ ಬರೆಯೋಣ. ಗುರುತೇ ಸಿಗದ್ದು ಏನಾದ್ರೂ ಬಂದ್ರೆ ಏನು ಮಾಡಿಸೋಣ?"

ಗುಬ್ಬಿ ಮೂಗು ಒರೆಸಿಕೊಂಡಳು. "ತೆಗೆದುಹಾಕೋದು ಬೇಡ ಸಾರ್. ಏನು ಎತ್ತ ಅಂತ ಮೊದಲು ಕೇಳಲಿ."

ಯಜಮಾನರು ತಲೆ ತಗ್ಗಿಸಿ ಅದನ್ನೇ ಬರೆದರು.