ಕಡಾಯಿಯಲ್ಲಿ ಜಾರಿದ ಹಲ್ಲಿ

"ಮತ್ತ ಜಾರಿತು ನೋಡ್ರೋ!" ಮಾಂತು ಚಪ್ಪಾಳೆ ತಟ್ಟಿದ.

ಕಪ್ಪು ನಾನ್‌ಸ್ಟಿಕ್ ಕಡಾಯಿಯಿಂದ ಮೇಲೆ ಹತ್ತಲು ಹೋದ ಹಲ್ಲಿ ಸರ್ರನೆ ತಳಕ್ಕೆ ಬಂತು. ಸುತ್ತ ನಿಂತ ಹುಡುಗರು ಹೋ ಎಂದರು. ರೇಣು ಮಾತ್ರ ಬಾಗಿಲ ಕಡೆ ನೋಡುತ್ತಿದ್ದಳು. ಜಡ್ಜ್‌ಗಳು ಇನ್ನೂ ಪಕ್ಕದ ಕ್ಲಾಸಿನಲ್ಲೇ ಇದ್ದರು.

೨೦೦೩ರ ಆ ದಿನ ಪುಣೆಯ ಅವರ ಕನ್ನಡ ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್. ಐದನೇ ಇಯತ್ತೆಯ ರೇಣು ಮತ್ತು ಪಕ್ಕದ ಮನೆಯ ಮಾಂತು ಸೇರಿ ಈ ಪ್ರಾಜೆಕ್ಟ್ ಮಾಡಿದ್ದರು. ಹಲ್ಲಿಯ ಪಾದದಲ್ಲಿ ಗೋಂದು ಇರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇರುತ್ತವೆ. ಅವೇ ಗೋಡೆಯನ್ನು, ಗಾಜನ್ನು ಹಿಡಿದುಕೊಳ್ಳುತ್ತವೆ. ಅದನ್ನು ನೋಡಿ ವಿಜ್ಞಾನಿಗಳು ಗೋಂದಿಲ್ಲದೆ ಅಂಟುವ ಟೇಪ್ ಮಾಡುತ್ತಿದ್ದಾರೆ ಎಂದು ರೇಣುವಿನ ಅಪ್ಪ ಪೇಪರಿನಲ್ಲಿ ಓದಿ ಹೇಳಿದ್ದರು. ಆ ಕೂದಲಿಗೂ ಹಿಡಿತ ಸಿಗದ ಜಾಗವೆಂದರೆ ನಾನ್‌ಸ್ಟಿಕ್ ಪಾತ್ರೆ.

ಕಡಾಯಿ ಕೊಡುವಾಗಲೇ ರೇಣುವಿನ ಅವ್ವ ಹೇಳಿದ್ದಳು, "ಒಳಗ ಹಲ್ಲಿ ಬಿಟ್ಟ ಮ್ಯಾಲೆ ಈ ಕಡಾಯಿ ಮನೀಗೆ ತರಬ್ಯಾಡವಾ!"

"ಮಾಂತು, ಸಾಕೋ," ರೇಣು ಅಂದಳು. "ಅದರ ಹೊಟ್ಟಿ ನೋಡು, ಹೆಂಗ ಹೊಡಕೊಳ್ಳಾಕತ್ತದ."

"ಏ, ಅದಕ್ಕೇನ ಆಗಂಗಿಲ್ಲ. ಜಡ್ಜ್ ಮುಂದ ಜಾರಬೇಕಲ್ಲ? ಫಸ್ಟ್ ಪ್ರೈಜ್ ನಮ್ದ!"

ಹಲ್ಲಿ ಮತ್ತೆ ಹತ್ತಿತು, ಮತ್ತೆ ಜಾರಿತು. ಈಗ ಬಾಯಿ ತೆರೆದುಕೊಂಡಿತ್ತು. ರೇಣು ಕಡಾಯಿಯ ಮೇಲೆ ಬಗ್ಗಿದಳು. ಸತ್ತೇ ಹೋದರೆ?

ಅಷ್ಟರಲ್ಲಿ ಹಿಂದಿನಿಂದ ಯಾರೋ ಪೆನ್ಸಿಲ್ ಚಾಚಿ ಅದನ್ನು ತಿವಿದರು. ಬಾಲ ಕಳಚಿ ಬಿತ್ತು. ಬಾಲವೊಂದೇ ಕಡಾಯಿಯೊಳಗೆ ಪಟಪಟ ಹೊರಳಾಡಿತು. ಎಲ್ಲರೂ ಕಿರುಚಿ ನಕ್ಕರು. ಹಲ್ಲಿ ಅಡಗಲು ಮೂಲೆ ಹುಡುಕುತ್ತಿತ್ತು. ದುಂಡನೆಯ ಕಡಾಯಿಗೆ ಮೂಲೆಯೇ ಇರಲಿಲ್ಲ.

"ಬಂದ್ರು, ಜಡ್ಜ್ ಬಂದ್ರು!" ಮಾಂತು ಕಾಲರ್ ಸರಿಮಾಡಿಕೊಂಡ.

ರೇಣು ಗೋಡೆಗೆ ಹಚ್ಚಿದ್ದ ಚಾರ್ಟನ್ನು ಕಿತ್ತಳು. ಅದರಲ್ಲಿದ್ದ ಹಲ್ಲಿಯ ಪಾದದ ಚಿತ್ರವನ್ನು ಅವಳೇ ಕೂತು ಬರೆದಿದ್ದಳು. ಅದನ್ನು ಮಡಚಿ ಕಡಾಯಿಯೊಳಗೆ ಏಣಿಯ ಹಾಗೆ ಇಟ್ಟಳು. ಹಲ್ಲಿ ಪರಪರ ಏರಿ, ಅವಳ ತೋಳ ಮೇಲೆ ಹಾದು, ಗೋಡೆಗೆ ಹಾರಿತು.

"ಏನ್ ಮಾಡಿದಿ ನೀ!" ಮಾಂತುವಿನ ಮುಖ ಕೆಂಪಾಯಿತು.

ಕನ್ನಡಕದ ಜಡ್ಜ್ ಖಾಲಿ ಕಡಾಯಿ ನೋಡಿ ಮರಾಠಿಯಲ್ಲಿ ಕೇಳಿದರು, "ಹಲ್ಲಿ ಎಲ್ಲಿ, ಮಗೂ?"

ರೇಣು ಮರಾಠಿಯಲ್ಲೇ ಹೇಳಿದಳು, "ಮೇಲಿದೆ ಸರ್. ಬಹಳ ದಣಿದಿತ್ತು. ಬಿಟ್ಟುಬಿಟ್ಟೆ."

ಅವರು ತಲೆಯೆತ್ತಿ ನೋಡಿದರು. ಏನೋ ಬರೆದುಕೊಂಡು ಮುಂದೆ ಹೋದರು.

ಪ್ರೈಜ್ ಪಕ್ಕದ ಕ್ಲಾಸಿನ ಜ್ವಾಲಾಮುಖಿ ಮಾಡೆಲ್‌ಗೆ ಬಂತು. ಮಾಂತು ಸಂಜೆಯ ತನಕ ಅವಳೊಂದಿಗೆ ಮಾತಾಡಲಿಲ್ಲ.

ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದ, "ಬಾಲ ಮತ್ತ ಬರ್ತದೇನ?"

"ಬರ್ತದಂತ. ಆದ್ರ ಅದು ಹೊಟ್ಟಿತುಂಬ ತಿನ್ನಬೇಕು."

ಮಾಂತು ಟ್ಯೂಬ್‌ಲೈಟ್ ಆರಿಸಲು ಸ್ವಿಚ್ಚಿಗೆ ಕೈ ಹಾಕಿದ. ದೀಪದ ಪಕ್ಕದಲ್ಲೇ ಹಲ್ಲಿ ಅಲುಗಾಡದೆ ಕೂತಿತ್ತು. ಒಂದು ಸಣ್ಣ ಹುಳ ಬಂದು ದೀಪದ ಸುತ್ತ ಹಾರತೊಡಗಿತು.

ಅವನು ಸ್ವಿಚ್ಚಿನಿಂದ ಕೈ ತೆಗೆದ. ಇಬ್ಬರೂ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಬಂದರು.