ಗಾಣದ ಬಳಿ ಸತ್ತ ಸಾಕ್ಷಿ

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಮದ್ದೂರಿನ ಹೊಳೆಬದಿಯಲ್ಲಿ ಒಂದೆಕರೆ ಕಬ್ಬು ಹಾಕಲು ಬಿತ್ತನೆ ತುಂಡಿಗೆ ಇಪ್ಪತ್ತೆರಡು ರೂಪಾಯಿ ಬೇಕಿತ್ತು, ಗೊಬ್ಬರಕ್ಕೆ ಮೂವತ್ತು, ಉಳುಮೆಗೆ ಹನ್ನೆರಡು, ಕಳೆ ಕೀಳುವ ಹೆಣ್ಣಾಳುಗಳಿಗೆ ಹದಿನೈದು. ಗಂಡ ಸತ್ತ ಮೇಲೆ ಗೋದಮ್ಮ ಆರು ವರ್ಷ ಹನ್ನೆರಡು ಎಕರೆಗೆ ಇದನ್ನೆಲ್ಲ ತಾನೇ ಹೊಂದಿಸಿದ್ದಳು. ಮೊದಲ ವರ್ಷ ಬಳೆ ಹೋಯಿತು, ಎರಡನೆಯ ವರ್ಷ ಡಾಬು. ಮೈದುನ ವರದರಾಜ ದಾವೆ ಹೂಡಿದ ಮೇಲೆ ವಕೀಲರಿಗೆ ನೂರೈವತ್ತು.

ಅಣ್ಣತಮ್ಮಂದಿರು ಪಾಲೇ ಆಗಿರಲಿಲ್ಲ ಎಂಬುದು ವರದರಾಜನ ವಾದ. ಅದು ಗೆದ್ದರೆ ತೋಟವೆಲ್ಲ ಅವನದು. ಅತ್ತಿಗೆಗೆ ಹೊಟ್ಟೆಬಟ್ಟೆಗೆ ಆಗುವಷ್ಟು. ಪಾಲಾದದ್ದು ಬಾಯಿಮಾತಿನಲ್ಲಿ. ಅವತ್ತು ಅಲ್ಲಿದ್ದವರಲ್ಲಿ ಬದುಕಿ ಉಳಿದವನು ಎಲ್ಲೆಕಲ್ಲು ನೆಟ್ಟ ತಳವಾರ ಕರಿಸಿದ್ದಯ್ಯ ಒಬ್ಬನೇ. ಗುರುವಾರ ಅವನು ಮೈಸೂರಿನ ಕೋರ್ಟಿನಲ್ಲಿ ನಿಂತು ಹೇಳಬೇಕಿತ್ತು. ಸೋಮವಾರ ಅವನು ಗೋದಮ್ಮನ ಆಲೆಮನೆಯಲ್ಲಿ ಹೆಣವಾಗಿ ಸಿಕ್ಕಿದ.

ಸುದ್ದಿ ತಿಳಿದ ಕೂಡಲೇ ಗೋದಮ್ಮನ ತಮ್ಮ, ಮದ್ದೂರಿನ ಪೋಸ್ಟ್ ಮಾಸ್ಟರ್ ಕಸ್ತೂರಿರಂಗ, ಮಳವಳ್ಳಿ ಕಡೆಯ ಸೂಲಗಿತ್ತಿ ಪುಟ್ಟಮಾದಮ್ಮನಿಗೆ ಹೇಳಿಕಳಿಸಿದ. ನಾನೂರು ಕೂಸು ಇಳಿಸಿದ ಕೈ ಅವಳದು. ಹೆರಿಗೆಯ ಮನೆಗಳಲ್ಲಿ ಯಾರು ನಿಜ ಹೇಳುತ್ತಾರೆ, ಯಾರು ಮುಚ್ಚಿಡುತ್ತಾರೆ ಎಂದು ನೋಡಿ ನೋಡಿ ಕಲಿತಿದ್ದಳು. ಕಳವಾದರೂ, ಕೊಲೆಯಾದರೂ ಆ ಸೀಮೆಯ ಜನ ಅವಳನ್ನೇ ಕರೆಯುತ್ತಿದ್ದರು. ಅವಳಿಗೆ ಓದು ಬಾರದು. ಕಾಗದ ಪತ್ರ ಓದಿ ಹೇಳಲು ಕಸ್ತೂರಿರಂಗ ಹಿಂದೆ ಮೂರು ಸಲ ಅವಳ ಜೊತೆ ಹೋಗಿದ್ದ.

ಮಂಗಳವಾರ ಹೊತ್ತೇರುವಾಗ ಅವಳ ಗಾಡಿ ಬಂದು ನಿಂತಿತು.

"ನೆನ್ನೇನೆ ಬತ್ತಿದ್ದೆ ಅಯ್ನೋರೆ. ನಮ್ ಅಳ್ಳೀಲಿ ಯಾವನೂ ಗಾಡಿ ಕಟ್ನಿಲ್ಲ," ಎಂದು ಸೊಂಟ ಹಿಡಿದುಕೊಂಡು ಇಳಿದಳು. "ಎಲ್ಲವ್ರೆ ಅಮ್ಮಾವ್ರು?"

ಗೋದಮ್ಮ ಹೊಸ್ತಿಲಲ್ಲೇ ಕುಳಿತಿದ್ದಳು. ನಿನ್ನೆಯಿಂದ ಬಾಯಿಗೆ ನೀರು ಹಾಕಿರಲಿಲ್ಲ. ಅವಳ ಎದುರಿಗೆ ಕಡಿಯಬೇಕಾದ ಕಬ್ಬು ನಿಂತಿತ್ತು. ಹೆಣ ಬಿದ್ದ ತೋಟಕ್ಕೆ ಕಾಲಿಡಲು ಆಳುಗಳು ಒಪ್ಪಿರಲಿಲ್ಲ. ತೋಟದ ಮೇಸ್ತ್ರಿ ಚಿಕ್ಕಬೋರಯ್ಯನನ್ನೇ ಪೊಲೀಸರು ಕೊಲೆಗಾರನೆಂದು ಹಿಡಿದೊಯ್ದಿದ್ದರು.

"ನನ್ನ ಸಾಕ್ಷಿಯನ್ನ ನನ್ನ ಆಳೇ ಕೊಂದ ಅಂತಾರೆ ಪುಟ್ಟಮಾದಮ್ಮ. ಕೋರ್ಟಲ್ಲಿ ಇನ್ನು ನನ್ನ ಮಾತು ಯಾರು ಕೇಳ್ತಾರೆ? ಈ ಮಣ್ಣು ಬಿಟ್ಟರೆ ನನಗೆ ಹೋಗೋಕೆ ಜಾಗ ಇಲ್ಲ."

"ಮೊದ್ಲು ಒಂದ್ ಲೋಟ ಮಜ್ಜಿಗೆ ಕುಡೀರಿ. ಅಸ್ಕೊಂಡು ಕುಂತ್ರೆ ಸತ್ತೋನು ಎದ್ದು ಬತ್ತಾನಾ?"

ಕಸ್ತೂರಿರಂಗ ಪೊಲೀಸ್ ಹೇಳಿಕೆಯ ನಕಲು ತಂದಿದ್ದ. ಅಕ್ಕನಿಗೆ ಇನ್ನೂ ಓದಿ ಹೇಳುವ ಧೈರ್ಯವಾಗಿರಲಿಲ್ಲ. ಪುಟ್ಟಮಾದಮ್ಮನನ್ನು ಅಂಗಳದ ಮೂಲೆಗೆ ಕರೆದುಕೊಂಡು ಹೋಗಿ ಸಣ್ಣ ದನಿಯಲ್ಲಿ ಓದಿದ. ಹೇಳಿಕೆ ಕೊಟ್ಟವನು ಗೋದಮ್ಮನ ಗುಮಾಸ್ತ ಸಂಪತ್ ಕುಮಾರ. ಮೈಸೂರು ಪೇಟೆಯ ಹುಡುಗ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಪ್ರತಿ ಸೋಮವಾರ ಬೆಳಗಿನ ರೈಲಿಗೆ ಮೈಸೂರಿನ ವಕೀಲರಲ್ಲಿಗೆ ಹೋಗಿ ಸಂಜೆ ಬರುತ್ತಿದ್ದ. ನಿನ್ನೆ ರೈಲು ತಪ್ಪಿತಂತೆ, ಹಿಂದಿರುಗಿ ಬಂದನಂತೆ. ಆಲೆಮನೆಯ ಗಾಣದಲ್ಲಿ ಎತ್ತು ತಿರುಗುತ್ತಿತ್ತು, ಚಿಕ್ಕಬೋರಯ್ಯ ಅದನ್ನು ಅಟ್ಟುತ್ತಿದ್ದ, ಕರಿಸಿದ್ದಯ್ಯ ಗಾಣಕ್ಕೆ ಕಬ್ಬು ಕೊಡುತ್ತಿದ್ದ. 'ನೀನು ವರದರಾಜಯ್ಯನ ಕಡೆ ಸೇರಿಕೊಂಡೆ' ಎಂದು ಚಿಕ್ಕಬೋರಯ್ಯ ಬೈಯುವುದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಹೋಗಿ ನೋಡಿದರೆ ಹೆಣ. ಓಡಿಹೋಗಿ ಪೊಲೀಸರನ್ನು ಕರೆತಂದ.

"ಬೋರಯ್ಯ ಏನಂತಾನೆ?"

"ಹೊಳೇಲಿ ಎತ್ತಿಗೆ ಮೈ ತೊಳೀತಿದ್ದೆ ಅಂತಾನೆ. ನೋಡಿದವರು ಇಲ್ಲ. ಇನ್‌ಸ್ಪೆಕ್ಟರು ನಂಬಲಿಲ್ಲ."

"ಇನ್‌ಸ್ಪೆಟ್ರು ಯಾವೂರ್ನೋರು?"

"ಬೆಂಗಳೂರು ದಂಡಿನ ಕಡೆಯವರು."

ಪುಟ್ಟಮಾದಮ್ಮ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು ಎದ್ದಳು.

ಆಲೆಮನೆಯಲ್ಲಿ ಅವಳು ಗಾಣದ ಉರುಳೆಗಳ ಮೇಲೆ ಬೆರಳಾಡಿಸಿದಳು. ಕಬ್ಬಿನ ಹಾಲು ಒಣಗಿ ಕಪ್ಪಗೆ ಹಕ್ಕಳೆಗಟ್ಟಿತ್ತು, ಇರುವೆ ಸಾಲಿಟ್ಟಿದ್ದವು. ಒಲೆಯ ಬೂದಿ ಕೆದಕಿದಳು. ಬೆಲ್ಲದ ಅಚ್ಚುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಕಾವಲಿಗಿದ್ದ ಪೊಲೀಸಿನವನನ್ನು ಹೆಣ ಹೇಗೆ ಬಿದ್ದಿತ್ತು ಎಂದು ಕೇಳಿದಳು.

"ಗಾಣದ ಬಾಯಿ ಹತ್ರ ಕಣಮ್ಮ. ತಲೆ ಹಿಂದೆ ಹಾರೆ ಏಟು. ಕೈಯಾಗೆ ಒಂದು ಕಬ್ಬಿನ ಜಲ್ಲೆ ಹಿಡಿದಂಗೇ ಇತ್ತು."

ಅಲ್ಲಿಂದ ಕರಿಸಿದ್ದಯ್ಯನ ಗುಡಿಸಲಿಗೆ ಹೋದರು. ಅವನ ಹೆಂಡತಿ ಬೆಳ್ಳಮ್ಮ ಅತ್ತು ಅತ್ತು ದನಿ ಕಳೆದುಕೊಂಡಿದ್ದಳು. ಪುಟ್ಟಮಾದಮ್ಮ ಅವಳ ತಲೆ ತನ್ನ ಮಡಿಲಿಗೆ ಎಳೆದುಕೊಂಡು ಬೆನ್ನು ಸವರಿದಳು. ಕೊನೆಗೆ ಬೆಳ್ಳಮ್ಮ ತಾನಾಗಿಯೇ ಹೇಳಿದಳು: "ಕೋರ್ಟ್‌ನಾಗೆ ಏನ್ ಏಳ್ಬೇಕು ಅಂತ ಏಳ್ಕೊಡ್ತಾರಂತೆ, ಆಲೆಮನೆಗೆ ಬತ್ತೀನಿ ಅಂದಿದೀನಿ ಅಂತ ಏಳಿ ನಮ್ಮೋರು ಒಂಟೋದ್ರು ಕಣವ್ವ. ಯಾರು ಅಂತ ನಾನೂ ಕೇಳ್ನಿಲ್ಲ."

ದಾರಿಯಲ್ಲಿ ಕಸ್ತೂರಿರಂಗ ತಡೆಯಲಾರದೆ ಅಂದ: "ಇದು ವರದರಾಜನ ಕೆಲಸವೇ. ಲಾಭ ಅವನಿಗೆ."

"ಲಾಬ ಅವ್ರಿಗೇಯ. ಆದ್ರೆ ಎಣ ಆ ತರ ಮಲಗ್ಸಿದ್ದು ಅವ್ರಲ್ಲ ಬುಡಿ. ಸಂಜೆ ಎಲ್ಲರ್ನೂ ಆಲೆಮನೇಲಿ ಸೇರ್ಸಿ. ತೋಟದ ಆಳುಗಳೂ ಇರ್ಲಿ."

ಸಂಜೆ ಇನ್‌ಸ್ಪೆಕ್ಟರು ಕುರ್ಚಿ ಹಾಕಿಸಿಕೊಂಡು ಕುಳಿತರು. ಅವರ ಪಕ್ಕದಲ್ಲಿ ಜರಿಪೇಟದ ವರದರಾಜ. ಕೋಳ ತೊಟ್ಟ ಚಿಕ್ಕಬೋರಯ್ಯನನ್ನು ಕಂಡು ಅವನ ಹೆಂಡತಿ ಚಿಕ್ಕನಂಜಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಗೋದಮ್ಮ ಕಂಬಕ್ಕೆ ಒರಗಿ ನಿಂತಳು.

"ಗುಮಾಸ್ತಪ್ಪ," ಎಂದಳು ಪುಟ್ಟಮಾದಮ್ಮ, ಕೂಸಿನ ಜೊತೆ ಮಾತಾಡುವ ಹಾಗೆ. "ನೆನ್ನೆ ನೀವು ನೋಡ್ದಾಗ ಗಾಣ ಆಡ್ತಿತ್ತಾ?"

"ಆಡ್ತಿತ್ತು. ಹೇಳಿದೀನಲ್ಲ."

"ಎತ್ತು ಯಾವಾಗ ಕಟ್ಟಿದ್ರು?"

"ಎಂಟು ಗಂಟೆಗೆ ಕಟ್ಟಿರಬೇಕು. ದಿನಾ ಕಟ್ಟೋ ಹಾಗೆ."

ಆಳುಗಳ ಸಾಲಿನಲ್ಲಿ ಗುಜುಗುಜು ಎದ್ದಿತು. ಚಿಕ್ಕನಂಜಮ್ಮ ಬಾಯಿಂದ ಸೆರಗು ತೆಗೆದಳು. "ಸೋಮ್ವಾರ ಎತ್ತು ಕಟ್ತಾರೇನ್ಲಾ ಯಾರಾದ್ರೂ? ನಿಮ್ಮವ್ವ ಏನ್ ಏಳ್ಕೊಟ್ಟವ್ಳೆ ನಿಂಗೆ?"

ಗೋದಮ್ಮ ಕಂಬ ಬಿಟ್ಟು ನೆಟ್ಟಗೆ ನಿಂತಳು. "ಗಾಣ ಆಡ್ತಿತ್ತು ಅಂತ ಬರೆಸಿದಾನೆಯೆ? ನನಗೆ ಜಗಳ ಆಯ್ತು ಅಂತಷ್ಟೇ ಹೇಳಿದರು."

ಪುಟ್ಟಮಾದಮ್ಮ ಇನ್‌ಸ್ಪೆಕ್ಟರ ಕಡೆ ತಿರುಗಿದಳು. "ಸೋಮ್ವಾರ ಬಸವಣ್ಣನ ದಿನ ಸ್ವಾಮಿ. ಈ ಸೀಮೇಲಿ ನೊಗ ಏರ್ಸಾಕಿಲ್ಲ. ಅವತ್ತು ಎತ್ತಿನ ಮೈ ತೊಳೀತಾರೆ. ಬೋರಯ್ಯ ಅದ್ನೇ ಅಂದ, ನೀವು ಸುಳ್ಳು ಅಂದ್ರಿ. ಅದಕ್ಕೇ ಆಲೆಮನೇಲಿ ನರಪಿಳ್ಳೆ ಇರ್ನಿಲ್ಲ, ಕೊಂದೋನಿಗೆ ಅನುಕೂಲ ಆಯ್ತು. ಗಾಣ ಮುಟ್ಟಿ ನೋಡಿ, ಬಾನುವಾರದ ಕಬ್ಬಿನಾಲು ಒಣಗೋಗದೆ. ನೆನ್ನೆ ಆಡಿದ್ರೆ ನೆನ್ನೆ ಬೆಲ್ಲ ಎಲ್ಲಿ? ಒಂದ್ ಅಚ್ಚೂ ಇಲ್ಲ."

"ಅವನು ಸುಳ್ಳು ಹೇಳಿದ ಅಂತ ಆಯಿತು. ಕೊಂದ ಅಂತ ಹೇಗೆ?" ಎಂದರು ಇನ್‌ಸ್ಪೆಕ್ಟರು.

"ಸತ್ತೋನ ಕೈಯಾಗೆ ಕಬ್ಬು ಇತ್ತಲ್ಲ. ಎತ್ತಿಲ್ಲದ ಗಾಣಕ್ಕೆ ಯಾರು ಕಬ್ಬು ಕೊಡ್ತಾರೆ? ಕೊಂದೋನೇ ಇಡ್ಸವ್ನೆ, ಕೆಲ್ಸದಾಗೆ ಸತ್ತಂಗೆ ಕಾಣ್ಲಿ ಅಂತ. ಸೋಮ್ವಾರ ಗಾಣ ನಿಲ್ತದೆ ಅಂತ ಗೊತ್ತಿದ್ದೋರು ಅಂಗ್ ಮಾಡಾಕಿಲ್ಲ. ವರದರಾಜಯ್ಯನೋರು ಈ ಮಣ್ಣಲ್ಲೇ ಉಟ್ಟಿ ಬೆಳೆದೋರು. ಆಳುಗಳಿಗೆ ಗೊತ್ತು, ಅಮ್ಮಾವ್ರಿಗೆ ಗೊತ್ತು. ಇಲ್ಲೇ ಇದ್ದು ಗೊತ್ತಿಲ್ದೋರು ಒಬ್ರೇಯ. ನಾಲ್ಕ್ ತಿಂಗ್ಳಿಂದ ಒಂದ್ ಸೋಮ್ವಾರಾನೂ ತೋಟದಾಗೆ ಇರ್ನಿಲ್ಲ ಇವ್ರು. ಕೋರ್ಟ್ ಮಾತು ಏಳ್ಕೊಡ್ತೀನಿ ಅಂದ್ರೆ ಕರಿಸಿದ್ದಯ್ಯ ನಂಬಿ ಬರೋದೂ ವಕೀಲ್ರ ಮನೆಗೆ ಓಗಿ ಬರೋ ಗುಮಾಸ್ತನ ಮಾತಿಗೇ ಅಲ್ವಾ?"

ಸಂಪತ್ ಕುಮಾರನ ಮುಖ ಬಿಳುಚಿತು. "ಕೊಲ್ಲೋಕೆ ಅಂತ ಹೋಗಿರಲಿಲ್ಲ," ಎಂದ. "ಕೋರ್ಟಿಗೆ ಹೋಗಬೇಡ ಅಂದೆ. ಕಲ್ಲು ನೆಟ್ಟಿದೀನಿ, ನೆಟ್ಟಿದೀನಿ ಅಂತಾನೇ ಹೇಳ್ತೀನಿ ಅಂದುಬಿಟ್ಟು ಬೆನ್ನು ತಿರುಗಿಸಿದ. ಹಾರೆ ಕೈಗೆ ಸಿಕ್ಕಿತು. ತೋಟ ಕೈ ಬದಲಾದರೆ ಮೇಲ್ವಿಚಾರಣೆ ನನಗೆ ಅಂತ ಮಾತಾಗಿತ್ತು."

"ಯಾರ ಜೊತೆ ಮಾತಾಗಿತ್ತು?" ಎಂದ ಕಸ್ತೂರಿರಂಗ.

ಗುಮಾಸ್ತ ವರದರಾಜನನ್ನು ನೋಡಿದ, ಆಮೇಲೆ ನೆಲ ನೋಡಿದ. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ವರದರಾಜ ಪೇಟ ತೆಗೆದು ಹಣೆ ಒರೆಸಿಕೊಂಡ.

ಮಾರನೆಯ ದಿನವೇ ಅವನ ಕಡೆಯಿಂದ ರಾಜಿಯ ಮಾತು ಬಂತು. ಸಾಕ್ಷಿ ಸತ್ತ ಮೇಲೆ ದಾವೆಯಲ್ಲಿ ನಮ್ಮ ವಾದ ನಿಲ್ಲುವುದಿಲ್ಲ ಎಂದು ಗೋದಮ್ಮನ ವಕೀಲರು ಆಗಲೇ ಕೈ ಚೆಲ್ಲಿದ್ದರು. ಪೊಲೀಸರ ಕೈಲಿದ್ದ ಗುಮಾಸ್ತ ಯಾವ ದಿನ ಹೆಸರು ಹೇಳುತ್ತಾನೋ ಎಂಬ ಹೆದರಿಕೆ ವರದರಾಜನಿಗೆ. ಕಸ್ತೂರಿರಂಗ ಬೇಡವೆಂದ. "ಅವನಿಗೆ ಒಂದು ಗೇಣೂ ಬಿಡಬಾರದು ಅಕ್ಕ."

"ಇಡೀ ತೋಟ ಕೇಳಿ ಬೀದಿಗೆ ಬೀಳೋ ವಯಸ್ಸಲ್ಲ ನನ್ನದು ಕಸ್ತೂರಿ," ಎಂದಳು ಗೋದಮ್ಮ. ಪುಟ್ಟಮಾದಮ್ಮನ ಮುಖ ನೋಡಿದಳು.

"ಸಿಕ್ಕಿದ್ದ ಇಸ್ಕೊಳ್ಳಿ ಅಮ್ಮಾವ್ರೆ. ಬರವಣಿಗೇಲಿ ಇಸ್ಕೊಳ್ಳಿ. ಈ ಸಲ ಬಾಯ್ಮಾತು ಬ್ಯಾಡ."

ಗುರುವಾರ ಕೋರ್ಟಿಗೆ ರಾಜಿಯ ವಿಷಯ ತಿಳಿಸಿ, ಶುಕ್ರವಾರ ಕಾಗದಕ್ಕೆ ರುಜುವಾಯಿತು. ಏಳು ಎಕರೆ, ಆಲೆಮನೆ ಸಮೇತ, ವರದರಾಜನ ಪಾಲಾಯಿತು. ಹೊಳೆಬದಿಯ ಐದು ಎಕರೆ ಗೋದಮ್ಮನ ಹೆಸರಿಗೆ ನಿಂತಿತು. ಚಿಕ್ಕಬೋರಯ್ಯ ಜೀವಸಹಿತ ಮನೆಗೆ ಬಂದ. ಬೆಳ್ಳಮ್ಮನಿಗೆ ಗಂಡ ಇಲ್ಲವಾದ.