ಹದಿನಾಲ್ಕು ಮಕ್ಕಳಿಗೆ ಒಂದು ಸೀಟು

“ಸ್ವಲ್ಪ ನಿಲ್ಸಮ್ಮ. ಇದು ಪೂರಾ ಮೋಸ!” ಎಂದಳು ಸಿಂಧು.

ಅಮ್ಮ ಓದುತ್ತಿದ್ದ ಹಾಳೆಯನ್ನು ಕೆಳಗಿಳಿಸಿದರು. ಅಡಿಗೆಮನೆಯ ಮೇಜಿನ ಒಂದು ತುದಿಯಲ್ಲಿ ಅವರ ಲ್ಯಾಪ್‌ಟಾಪ್, ದಪ್ಪ ಪುಸ್ತಕ, ಆರಿಹೋದ ಕಾಫಿ. ಇನ್ನೊಂದು ತುದಿಯಲ್ಲಿ ಸಿಂಧುವಿನ ಹೋಂವರ್ಕ್.

“ಯಾವ್ದೇ ಮೋಸ? ನಾನಿನ್ನೂ ಎರಡೇ ನಿಮಿಷ ಮಾತಾಡಿದೀನಿ.”

“ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಕೋಟಿ ಜನ ಅಂದೆ. ವಯೋಮಿಂಗ್‌ನಲ್ಲಿ ಆರೇ ಲಕ್ಷ ಅಂದೆ. ಇಬ್ರಿಗೂ ಸೆನೆಟ್‌ನಲ್ಲಿ ಎರಡೆರಡು ಸೀಟಾ? ನಾನು ಡಿವೈಡ್ ಮಾಡಿ ನೋಡ್ದೆ. ಅರವತ್ತಾರು ಪಟ್ಟು ಡಿಫರೆನ್ಸ್!”

“ಇನ್ನೊಂದು ಸಭೆ ಐತೆ ಕಣೇ, ಹೌಸ್ ಅಂತ. ಅಲ್ಲಿ ಜನ ಹೆಚ್ಚಿದ್ರೆ ಸೀಟೂ ಹೆಚ್ಚು. ಸೆನೆಟ್‌ನಲ್ಲಿ ಮಾತ್ರ ಎಲ್ಲ ರಾಜ್ಯಾನೂ ಸಮ.”

“ಸಮ ಅಲ್ಲ, ಮೋಸ.”

ಅಮ್ಮ ನಕ್ಕರು. “ನಂಗೂ ಮೊದಲು ಹಂಗೇ ಅನ್ಸಿತ್ತು. ಆದ್ರೆ ಕ್ಲಾಸಲ್ಲಿ ಚೀಟಿ ಎತ್ತಿದಾಗ ನಂಗೆ ಬಂದಿದ್ದು ಸಣ್ಣ ರಾಜ್ಯಗಳ ಪರ. ಮಂಗಳವಾರ ಹತ್ತು ನಿಮಿಷ ಅದನ್ನೇ ವಾದ ಮಾಡ್ಬೇಕು.”

ಅಮ್ಮ ಕಾಲೇಜಿಗೆ ಸೇರಿ ಎರಡು ತಿಂಗಳಾಗಿತ್ತು. ಕೋರ್ಸಿನ ಹೆಸರು ‘ಅಮೆರಿಕದ ಫೆಡರಲ್ ಸರ್ಕಾರ: ಒಂದು ಪರಿಚಯ’. ಐರ್ಲೆಂಡಿನಲ್ಲಿ ಕೂತು ಅಮೆರಿಕದ ಸರ್ಕಾರ ಯಾಕೆ ಓದಬೇಕು ಎಂದು ಅಪ್ಪ ಕೇಳಿದ್ದರು. ‘ನಿಮ್ಮ ಆಸ್ಪತ್ರೆ ಡ್ಯೂಟಿಗೆ ಅಡ್ಡ ಬರದ ಸಂಜೆ ಕ್ಲಾಸು ಇದೊಂದೇ ಇತ್ತು’ ಎಂದಿದ್ದರು ಅಮ್ಮ. ಈಗ ಸಾರು ಬಡಿಸುವಾಗಲೂ ಅವರ ಬಾಯಲ್ಲಿ ಸೆನೆಟ್ಟೇ.

ಸಿಂಧು ಹೋಂವರ್ಕಿಗೆ ಮರಳಲಿಲ್ಲ. ಅವಳಿಗೆ ತನ್ನ ಶಾಲೆಯ ನೆನಪು ಬಂದಿತ್ತು.

ಲೂಕನ್ ಊರಿನ ಆ ಶಾಲೆಯಲ್ಲಿ ಒಂಬತ್ತು ಕ್ಲಾಸುಗಳು. ಒಂದೊಂದರಿಂದ ಇಬ್ಬರಂತೆ ಸ್ಟೂಡೆಂಟ್ ಕೌನ್ಸಿಲ್‌ನಲ್ಲಿ ಹದಿನೆಂಟು ಮಕ್ಕಳು. ಫಿಫ್ತ್ ಕ್ಲಾಸಿನಿಂದ ಸಿಂಧು ಮತ್ತು ಅವಳ ಗೆಳೆಯ ಕಿಯಾನ್. ‘ಹಿಂದಿನ ಯಾರ್ಡ್ ನಮಗೆ ಕೊಡಿಸ್ತೀವಿ’ ಎಂದು ಮಾತು ಕೊಟ್ಟೇ ಇಬ್ಬರೂ ಗೆದ್ದಿದ್ದರು. ಮುಂದಿನ ಯಾರ್ಡ್, ಅಂದರೆ ದೊಡ್ಡ ಆಟದ ಅಂಗಳ, ಯಾವಾಗಲೂ ಕಿಕ್ಕಿರಿದಿರುತ್ತಿತ್ತು. ಹಿಂದಿನ ಪುಟ್ಟ ಯಾರ್ಡ್‌ನಲ್ಲಿ ಬಾಲ್ ಹೊಡೆಯಲು ಒಳ್ಳೆಯ ಗೋಡೆಯಿತ್ತು.

ಆದರೆ ಅದು ಸನ್‌ಫ್ಲವರ್ ರೂಮಿನವರದು. ಆ ಕ್ಲಾಸಿನಲ್ಲಿ ಇರುವುದೇ ಆರು ಮಕ್ಕಳು. ಗದ್ದಲ ಹೆಚ್ಚಾದರೆ ಅವರಿಗೆ ತಡೆಯಲು ಆಗುತ್ತಿರಲಿಲ್ಲ. ಅದಕ್ಕೇ ಅವರಿಗೆ ಬೇರೆ ರೂಮು, ಬೇರೆ ಯಾರ್ಡು.

ಹೋದ ತಿಂಗಳು ಕೌನ್ಸಿಲ್‌ನಲ್ಲಿ ವೋಟ್ ಆಗಿತ್ತು. ಯಾರ್ಡ್ ಫಿಫ್ತ್ ಕ್ಲಾಸಿಗೆ ಕೊಡಬೇಕು ಎಂದು ಒಂಬತ್ತು. ಬೇಡ ಎಂದು ಒಂಬತ್ತು. ಸಮ ಬಂದರೆ ಏನೂ ಬದಲಾಗುವುದಿಲ್ಲ.

ಬೇಡ ಎಂದ ಒಂಬತ್ತರಲ್ಲಿ ಎರಡು ಸನ್‌ಫ್ಲವರ್ ರೂಮಿನದು.

ಸಿಂಧು ಗ್ರಾಫ್ ಹಾಳೆ ತೆಗೆದಳು.

* * *

“ನೀನು ಜೀನಿಯಸ್!” ಎಂದ ಕಿಯಾನ್.

ಹಾಳೆಯ ಮೇಲೆ ಒಂಬತ್ತು ಕ್ಲಾಸುಗಳ ಹೆಸರು, ಮಕ್ಕಳ ಸಂಖ್ಯೆ, ಬಣ್ಣ ತುಂಬಿದ ಕಂಬಗಳು. ಮೇಲೆ ದಪ್ಪ ಅಕ್ಷರದಲ್ಲಿ ಹೊಸ ರೂಲ್: ಹದಿನಾಲ್ಕು ಮಕ್ಕಳಿಗೆ ಒಂದು ಸೀಟು.

“ನಮ್ಮಲ್ಲಿ ಇಪ್ಪತ್ತೆಂಟು ಜನ, ಎರಡು ಸೀಟು. ಮಿಕ್ಕ ದೊಡ್ಡ ಕ್ಲಾಸಿಗೆಲ್ಲ ಎರಡೇ ಬರುತ್ತೆ. ಯಾರಿಗೂ ಲಾಸ್ ಇಲ್ಲ,” ಎಂದಳು ಸಿಂಧು.

“ಸನ್‌ಫ್ಲವರ್‌ಗೆ?”

“ಆರನ್ನ ಹದಿನಾಲ್ಕರಿಂದ ಭಾಗಿಸಿದ್ರೆ ಅರ್ಧಕ್ಕಿಂತ ಕಮ್ಮಿ. ರೌಂಡ್ ಮಾಡಿದ್ರೆ ಸೊನ್ನೆ.”

“ಆಮೇಲೆ ಯಾರ್ಡ್ ವೋಟ್ ಇಟ್ರೆ ಒಂಬತ್ತಕ್ಕೆ ಏಳು. ಗ್ರ್ಯಾಂಡ್!” ಕಿಯಾನ್ ಗಾಳಿಯಲ್ಲೇ ಬಾಲ್ ಒದ್ದ.

ಅವನು ಹಾಳೆಯನ್ನು ಕೌನ್ಸಿಲ್‌ನಲ್ಲಿರುವ ಮಿಕ್ಕ ದೊಡ್ಡ ಕ್ಲಾಸಿನವರಿಗೆಲ್ಲ ತೋರಿಸಿ ಬಂದ. ಸಿಕ್ಸ್ತ್ ಕ್ಲಾಸಿನ ಎವಾ ಹೋದ ಸಲ ಬೇಡ ಎಂದಿದ್ದವಳು. ಲೆಕ್ಕ ನೋಡಿ ಅವಳೂ ತಲೆದೂಗಿದಳು. ಈಗ ಅವರ ಕಡೆ ಹತ್ತು ಜನ.

* * *

ಶನಿವಾರ ಅಮ್ಮ ಮತ್ತೆ ಪ್ರಾಕ್ಟೀಸ್ ಮಾಡಿದರು. ಸೌಟು ಅವರ ಮೈಕು.

“ಅಮೆರಿಕದ ಸಂವಿಧಾನ ತಿದ್ದಕ್ಕೆ ದಾರಿ ಐತೆ. ಆದ್ರೆ ಸೆನೆಟ್‌ನಲ್ಲಿ ಒಂದು ರಾಜ್ಯಕ್ಕಿರೋ ಸಮ ಪಾಲನ್ನ ಕಿತ್ಕೋಬೇಕಂದ್ರೆ ಆ ರಾಜ್ಯವೇ ಒಪ್ಬೇಕು.”

“ಮಿಕ್ಕವರೆಲ್ಲ ಒಪ್ಪಿದ್ರೂ?”

“ನಲವತ್ತೊಂಬತ್ತು ರಾಜ್ಯ ಒಪ್ಪಿದ್ರೂ ಸಾಲ್ದು.”

ಸಿಂಧು ಪೆನ್ಸಿಲ್ ಕಚ್ಚಿದಳು. ಸರಿ, ಹಾಗಾದರೆ ತಾನೂ ಸನ್‌ಫ್ಲವರ್ ರೂಮಿನವರನ್ನು ಒಂದು ಮಾತು ಕೇಳಿಬಿಡಬೇಕು. ಅದೇನು ಕಷ್ಟ? ಲೆಕ್ಕ ಸರಿಯಾಗಿದ್ದರೆ ಯಾರು ತಾನೇ ಬೇಡ ಅನ್ನುತ್ತಾರೆ?

* * *

ಸೋಮವಾರ ಬ್ರೇಕ್‌ನಲ್ಲಿ ಅವಳು ಹಿಂದಿನ ಯಾರ್ಡ್‌ಗೆ ಹೋದಳು. ಸನ್‌ಫ್ಲವರ್ ರೂಮಿನಿಂದ ಕೌನ್ಸಿಲ್‌ಗೆ ಬರುವ ಇಬ್ಬರು ರೆಪ್‌ಗಳಲ್ಲಿ ಒಬ್ಬಳಾದ ಒರ್ಲಾ ನೆಲಕ್ಕೆ ಬಗ್ಗಿ ಕೂತಿದ್ದಳು. ಸದ್ದು ತಡೆಯುವ ನೀಲಿ ಹೆಡ್‌ಫೋನ್ ಅವಳ ಕುತ್ತಿಗೆಯಲ್ಲಿತ್ತು.

“ಅಲ್ಲೇ ನಿಲ್ಲು. ಬಸವನಹುಳು ದಾಟ್ತಿದೆ.”

ಸಿಂಧು ನಿಂತಳು. ಬಸವನಹುಳುವಿಗೆ ಯಾವ ಅವಸರವೂ ಇರಲಿಲ್ಲ. ಅದು ಗೋಡೆ ಮುಟ್ಟುವವರೆಗೂ ಒರ್ಲಾ ತಲೆ ಎತ್ತಲಿಲ್ಲ. ಆಮೇಲೆ ಹಾಳೆ ತೆಗೆದುಕೊಂಡು ಸಾಲು ಸಾಲಾಗಿ ಬೆರಳಿಟ್ಟು ಓದಿದಳು.

“ನಮಗೆ ಸೊನ್ನೆ ಅಂತ ಬರ್ದಿದೀಯ.”

“ರೌಂಡ್ ಮಾಡಿದ್ದು. ಸೊನ್ನೆ ಪಾಯಿಂಟ್ ನಾಲ್ಕು ಮೂರು ಬರುತ್ತೆ.”

ಒರ್ಲಾ ಮನಸ್ಸಿನಲ್ಲೇ ಭಾಗಿಸಿದಳು. “ಲೆಕ್ಕ ಸರಿ ಇದೆ.”

“ಹಾಗಾದ್ರೆ ಒಪ್ತೀಯಾ?”

“ಇಲ್ಲ.”

“ಲೆಕ್ಕ ಸರಿ ಅಂದ್ಯಲ್ಲ!”

“ಸರಿ ಇದೆ. ಆದ್ರೆ ನಾವು ಆರು ಜನ ಇದೀವಿ.” ಒರ್ಲಾ ಹಾಳೆ ಮಡಿಸಿ ವಾಪಸ್ ಕೊಟ್ಟಳು. “ಈ ಸಲ ನೀನು ಬಂದು ಕೇಳ್ದೆ, ನಾನು ಬೇಡ ಅಂದೆ. ಮುಂದಿನ ಸಲ ಬೇಡ ಅನ್ನೋದಕ್ಕೆ ಕೌನ್ಸಿಲ್‌ನಲ್ಲಿ ನಾವೇ ಇರಲ್ಲ. ಈಗ ಹೋಗ್ತೀಯಾ? ನಿನ್ನ ಶೂ ಕಿರ್ ಅಂತಿದೆ.”

ಅಂದು ಸಂಜೆ ಸಿಂಧು ಹಾಳೆ ಬಿಡಿಸಿಕೊಂಡು ಕೂತಳು. ಹದಿನಾಲ್ಕರ ಬದಲು ಹನ್ನೆರಡು ಎಂದಿಟ್ಟರೆ? ದೊಡ್ಡ ಕ್ಲಾಸುಗಳಿಗೆ ಆಗಲೂ ಎರಡೆರಡೇ. ಸನ್‌ಫ್ಲವರ್‌ಗೆ ಸರಿಯಾಗಿ ಅರ್ಧ, ರೌಂಡ್ ಮಾಡಿದರೆ ಒಂದು.

ಅದೇನು ಹೊಸ ವಿಷಯವಾಗಿರಲಿಲ್ಲ. ಗ್ರಾಫ್ ಬರೆಯುವ ಮೊದಲೇ ಹನ್ನೆರಡನ್ನು ಅವಳು ಒಮ್ಮೆ ಹಾಕಿ ನೋಡಿದ್ದಳು. ಒಂದು ಎಂದು ಬಂದಿತ್ತು. ಅದನ್ನು ರಬ್ಬರಿನಿಂದ ಅಳಿಸಿ, ಹದಿಮೂರು ಬಿಟ್ಟು, ನೇರವಾಗಿ ಹದಿನಾಲ್ಕಕ್ಕೆ ಹೋಗಿದ್ದಳು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ.

* * *

ಬುಧವಾರ ಬೆಳಗ್ಗೆ ಟೋಸ್ಟ್ ತಿನ್ನುತ್ತಾ ಸಿಂಧು ಕೇಳಿದಳು, “ನಿನ್ನೆ ಗೆದ್ಯಾ ಅಮ್ಮ?”

“ಗೆಲ್ಲೋದೇನೂ ಇರ್ಲಿಲ್ಲ ಪುಟ್ಟಿ. ‘ದೊಡ್ಡ ರಾಜ್ಯದವ್ರಿಗೆ ಅನ್ಯಾಯ ಅಲ್ವಾ’ ಅಂತ ಪ್ರೊಫೆಸರ್ ಕೇಳಿದ್ರು. ಹೌದು ಅಂದೆ.”

“ಹೌದು ಅಂದ್ಯಾ? ನೀನು ಸಣ್ಣವರ ಕಡೆ ಅಲ್ವಾ?”

“ಅನ್ಯಾಯ ಇರೋದು ನಿಜಾನೇ. ಮುಚ್ಚಿಟ್ರೆ ವಾದ ಗಟ್ಟಿ ಆಗುತ್ತಾ? ಸಮ ಸೀಟಿನ ಮಾತು ಕೊಡದೇ ಇದ್ದಿದ್ರೆ ಸಣ್ಣ ರಾಜ್ಯಗಳು ಒಕ್ಕೂಟಕ್ಕೆ ಸೇರ್ತಾನೇ ಇರ್ಲಿಲ್ಲ ಅಂತಾನೂ ಹೇಳ್ದೆ. ಬೇಗ ತಿನ್ನು, ಬಸ್ ಹೋಗುತ್ತೆ.”

* * *

ಅಂದು ಮಧ್ಯಾಹ್ನ ಕೌನ್ಸಿಲ್ ಲೈಬ್ರರಿಯಲ್ಲಿ ಸೇರಿತು. “ಫಿಫ್ತ್ ಕ್ಲಾಸ್, ನಿಮ್ಮ ರೂಲ್ ಓದಿ,” ಎಂದರು ಕೌನ್ಸಿಲ್ ನೋಡಿಕೊಳ್ಳುವ ಟೀಚರ್ ಮಿಸ್ ಬರ್ನ್.

ಕಿಯಾನ್ ಸಿಂಧುವನ್ನು ಮೊಣಕೈಯಿಂದ ತಿವಿದ. ಅವಳು ಏಳಲಿಲ್ಲ. ಅವನೇ ಎದ್ದು ಓದಿದ.

“ಬೇಕು ಅನ್ನುವವರು?”

ಕೈಗಳು ಮೇಲೆದ್ದವು. ಮಿಸ್ ಬರ್ನ್ ಎಣಿಸಿದರು. “ಒಂಬತ್ತು. ಬೇಡ ಅನ್ನುವವರು? ಎಂಟು.” ಅವರು ಕನ್ನಡಕ ಸರಿಮಾಡಿಕೊಂಡರು. “ಯಾರೋ ಒಬ್ಬರು ಕೈ ಎತ್ತಿಲ್ಲ.”

ಎಲ್ಲರೂ ಸಿಂಧುವಿನ ಕಡೆ ತಿರುಗಿದರು. ಸುಮ್ಮನಿದ್ದುಬಿಟ್ಟರೂ ಒಂಬತ್ತಕ್ಕೆ ಎಂಟು, ಅವಳ ರೂಲ್ ಗೆಲ್ಲುತ್ತಿತ್ತು. ಯಾರ್ಡ್ ಸಿಗುತ್ತಿತ್ತು. ತಾನೇನೂ ಮಾಡಲಿಲ್ಲ ಎಂದು ಹೇಳಿಕೊಳ್ಳಲೂಬಹುದಿತ್ತು.

“ಬೇಡ,” ಎಂದು ಸಿಂಧು ಕೈ ಎತ್ತಿದಳು.

“ಒಂಬತ್ತಕ್ಕೆ ಒಂಬತ್ತು. ರೂಲ್ ಹಾಗೇ ಇರುತ್ತೆ,” ಎಂದರು ಮಿಸ್ ಬರ್ನ್.

ಒರ್ಲಾ ತನ್ನ ನೋಟ್‌ಬುಕ್ಕಿನಲ್ಲಿ 9–9 ಎಂದು ಬರೆದುಕೊಂಡಳು. ಸಿಂಧುವಿನ ಕಡೆ ನೋಡಲೂ ಇಲ್ಲ.

ಕಾರಿಡಾರ್‌ನಲ್ಲಿ ಕಿಯಾನ್ ಮೂರು ಹೆಜ್ಜೆ ಮುಂದೆ ನಡೆಯುತ್ತಿದ್ದ. ಇದ್ದಕ್ಕಿದ್ದಂತೆ ತಿರುಗಿದ. “ನಿನ್ನದೇ ಐಡಿಯಾ! ನಿನ್ನದೇ ಗ್ರಾಫ್! ಕ್ಲಾಸಿನವರು ನಿನ್ನ ಕಳ್ಸಿದ್ದು ಇದಕ್ಕಾ?”

“ಇದಕ್ಕಲ್ಲ,” ಎಂದಳು ಸಿಂಧು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

“ನಾನಂತೂ ಹೇಳಲ್ಲ. ನೀನೇ ಹೇಳು ಅವರಿಗೆ.”

“ಹೇಳ್ತೀನಿ.”

ಕ್ಲಾಸಿನ ಬಾಗಿಲು ತೆರೆದದ್ದೇ ತಡ, “ಸಿಕ್ತಾ? ಸಿಕ್ತಾ?” ಎಂದು ಕೂಗು ಎದ್ದಿತು. ಯಾರೋ ಆಗಲೇ ಬಾಲ್ ಹಿಡಿದು ನಿಂತಿದ್ದರು.

ಸಿಂಧು ಬೋರ್ಡಿನ ಮುಂದೆ ನಿಂತಳು. “ಸಿಗ್ಲಿಲ್ಲ. ಒಂದು ವೋಟ್‌ನಲ್ಲಿ ಹೋಯ್ತು. ಆ ವೋಟ್ ನನ್ನದು.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಕಿರುಚಿದರು. “ಬೇರೆ ರೆಪ್ ಮಾಡಿ!” “ಮಾತು ಕೊಟ್ಟಿದ್ದಳು!” ಇಪ್ಪತ್ತೇಳು ಜನ ಒಂದು ಕಡೆ. ಇನ್ನೊಂದು ಕಡೆ ಅವಳೊಬ್ಬಳೇ. ಅವಳು ಮತ್ತೇನೋ ಹೇಳಿದಳು. ಅದು ಅವಳಿಗೇ ಕೇಳಿಸಲಿಲ್ಲ.

ಕ್ಲಾಸ್ ಟೀಚರ್ ಕೈ ಮೇಲೆತ್ತಿದರು. “ರೆಪ್ ವಿಷಯ ಆಮೇಲೆ ನೋಡೋಣ. ಅವಳು ಮುಗಿಸಲಿ.”

ಗಲಾಟೆ ತುಸು ತುಸುವಾಗಿ ಇಳಿಯಿತು. ಕಿಯಾನ್ ಕೈಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತಿದ್ದ.

ಸಿಂಧುವಿಗೆ ಹೇಳಬೇಕಾದದ್ದು ನಾಲ್ಕೇ ವಾಕ್ಯ. ಕೇಳಿದ ಮೇಲೆ ಇವರಲ್ಲಿ ಒಬ್ಬರಾದರೂ ಒಪ್ಪುತ್ತಾರೋ ಇಲ್ಲವೋ. ಆದರೂ ತನ್ನ ಮಾತು ಹೇಳಲು ಸಿಕ್ಕ ಆ ಒಂದು ನಿಮಿಷ ತನಗೆ ಎಷ್ಟು ಬೇಕಾಗಿತ್ತು ಎಂದು ಅವಳಿಗೆ ಈಗ ತಿಳಿಯಿತು.

“ಒರ್ಲಾನ ಕೇಳಿದ್ದೆ,” ಎಂದು ಅವಳು ಶುರುಮಾಡಿದಳು.

ದನಿ ತುಂಬ ಸಣ್ಣಗೆ ಬಂತು. ಹಿಂದಿನ ಸಾಲಿನವರು ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದರು.